ಬರೆಯದೆ ಬಿಟ್ಟ ಮೂಲೆ

“ಇದರಲ್ಲಿ ಮೂರು ಸಾಲು ನನ್ನ ಅಣ್ಣಂದು. ನಾಲ್ಕನೇ ಸಾಲು ಅವನದ್ದಲ್ಲ,” ಎಂದು ಲೆಕ್ಕದ ಮೇಡಂ, ಅಣ್ಣನ ಪುಸ್ತಕದ್ದೆಂದು ಕಂಪನಿಯವರು ಕೊಟ್ಟಿದ್ದ ಹಾಳೆಯನ್ನು ಮೇಜಿನ ಆ ಬದಿಗೆ ತಳ್ಳಿದರು.

ಕಾರ್ಖಾನೆಯ ಎಂಜಿನಿಯರ್ ನಕ್ಕ. ಅವನ ನಗುವೂ ಅವನ ಅಂಗಿಯ ಹಾಗೆಯೇ ಇಸ್ತ್ರಿ ಹಾಕಿಸಿಕೊಂಡು ಬಂದಿತ್ತು.

“ಮೇಡಂ, ನಾಲ್ಕೂ ಸಾಲು ಒಂದೇ ಥರದ ಅಕ್ಷರ, ಒಂದೇ ಥರದ ಮಸಿ. ನಾಲ್ಕು ಕಾಲಿನ ಟ್ಯಾಂಕಿಗೆ ನಾಲ್ಕು ಸಾಲು ಇರ್ದೆ ಮೂರು ಇರುತ್ತಾ?”

“ಇರುತ್ತೆ. ನನ್ನ ಅಣ್ಣನ ಪುಸ್ತಕದಲ್ಲಿ ಮೂರೇ ಇರುತ್ತೆ.”

ಒಂಬತ್ತು ದಿನದ ಹಿಂದೆ, ನೂಲಿಗೆ ಬಣ್ಣ ಹಾಕುವ ಈ ಕಾರ್ಖಾನೆಯ ನೀರಿನ ಟ್ಯಾಂಕು ಹಾಡಹಗಲೇ ಮಗುಚಿ ಬಿದ್ದಿತ್ತು. ಅದರಡಿ ಸಿಕ್ಕ ಹೆಣದ ಮುಖವಾಗಲಿ ಕೈಗಳಾಗಲಿ ಗುರುತು ಸಿಗುವಂತಿರಲಿಲ್ಲ. ಬೆಲ್ಟಿನ ಬಿಲ್ಲೆ ನೋಡಿ ಎಂಜಿನಿಯರ್ ಗುರುತು ಹೇಳಿದ, ಪೊಲೀಸರು ಕಾವಲುಗಾರನೆಂದು ಬರೆದುಕೊಂಡರು. ನಾಲ್ಕು ವರ್ಷದ ಹಿಂದೆ ಟ್ಯಾಂಕಿನ ಕಾಲುಗಳಿಗೆ ಜಾಗ ಗುರುತು ಹಾಕಿದ್ದ ಮೇಸ್ತ್ರಿ, ಅಂದರೆ ಮೇಡಂ ಅವರ ಅಣ್ಣ, ಅವತ್ತಿನಿಂದ ಲಾಕಪ್ಪಿನಲ್ಲಿದ್ದ. “ತಪ್ಪು ನನ್ನದು ಅಂತ ಸಹಿ ಹಾಕು, ಶಿಕ್ಷೆ ಕಡಿಮೆ ಮಾಡಿಸ್ತೀವಿ” ಎಂದು ಕಂಪನಿಯವರು ಮೂರು ಸಲ ಹೇಳಿ ಕಳಿಸಿದ್ದರು. ಮೂರು ಸಲವೂ ಅವನು ಪೆನ್ನು ಮುಟ್ಟಿರಲಿಲ್ಲ.

ಅಣ್ಣ ತಂಗಿ ಇಬ್ಬರೂ ಒಂದೇ ಅಚ್ಚಿನವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ ಮೇಡಂಗೆ ಮಕ್ಕಳು ಬೆನ್ನ ಹಿಂದೆ ಇಟ್ಟ ಹೆಸರು ‘ಮೂಲೆಮಟ್ಟ’. ಗೋಡೆಯ ಮೂಲೆ ಸರಿಯಾಗಿದೆಯೋ ಇಲ್ಲವೋ ನೋಡಲು ಗಾರೆಯವರು ಇಟ್ಟು ನೋಡುತ್ತಾರಲ್ಲ, ಆ ಉಪಕರಣ. ಅದು ಯಾರ ಮುಲಾಜಿಗೂ ಬಗ್ಗುವುದಿಲ್ಲ. ಹೆಸರು ಮೇಡಂ ಕಿವಿಗೂ ಬಿದ್ದಿತ್ತು, ಒಳಗೊಳಗೆ ಖುಷಿಯೂ ಆಗಿತ್ತು.

ಮೇಜಿನ ಹಿಂದೆ ಕೂತಿದ್ದ ತನಿಖಾಧಿಕಾರಿ ಮೂಗು ಒರೆಸಿಕೊಂಡರು. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಗೋಡೆಯ ತುಂಬ ನೇತು ಹಾಕಿದ್ದ ಬಣ್ಣಬಣ್ಣದ ನೂಲಿನ ಮಾದರಿಗಳ ವಾಸನೆಗೆ ಬೆಳಗಿನಿಂದ ಸೀನುತ್ತಲೇ ಇದ್ದರು.

“ಮೇಡಂ, ಒಂದು ಗಂಟೆಗೆ ನನ್ನ ವರದಿ ಹೋಗ್ಬೇಕು. ಅದು ಹೋದ ಮೇಲೆ ನಿಮ್ಮ ಅಣ್ಣನ ಮೇಲಿನ ಕೇಸು ಕೋರ್ಟಿಗೆ. ಈಗ ಹನ್ನೊಂದೂವರೆ. ಹೇಳೋದನ್ನ ಬೇಗ ಹೇಳಿ.”

ಮೇಡಂ ಚೀಲದಿಂದ ನಾಲ್ಕು ಹಳೆಯ ನೋಟ್‌ಬುಕ್ ತೆಗೆದು ಒಂದರ ಪಕ್ಕ ಒಂದು ಬಿಡಿಸಿಟ್ಟರು. ಸಿಮೆಂಟಿನ ಕಲೆ, ಬೆರಳಿನ ಗುರುತು, ಅಲ್ಲಲ್ಲಿ ಕಾಫಿಯ ವೃತ್ತ.

“ನೋಡಿ. ಹದಿನೆಂಟು ಕಟ್ಟಡ. ಹದಿನೆಂಟು ಚೌಕ. ಪ್ರತಿಯೊಂದಕ್ಕೂ ಮೂರೇ ಮೂಲೆ ಬರೆದಿದ್ದಾನೆ. ಮೂಲೆಗಲ್ಲಿಂದ ಪೂರ್ವಕ್ಕೆ ಇಷ್ಟು ಅಡಿ, ಉತ್ತರಕ್ಕೆ ಇಷ್ಟು ಅಡಿ. ನಾಲ್ಕನೇದು ಎಲ್ಲಾದ್ರೂ ಇದ್ಯಾ?”

ಅಧಿಕಾರಿ ಪುಟ ತಿರುವಿದರು. ಇರಲಿಲ್ಲ.

“ಯಾಕೆ ಬರೀತಿರ್ಲಿಲ್ಲ?”

“ನಾನೂ ಒಂದ್ಸಲ ಅದನ್ನೇ ಕೇಳಿ ಬೈಸಿಕೊಂಡಿದ್ದೀನಿ ಸಾರ್. ನಾಲ್ಕನ್ನೂ ಬರೆದಿಟ್ಟುಕೊಂಡ್ರೆ ಮನುಷ್ಯ ಬರೆದದ್ದನ್ನೇ ನಂಬಿ ಗೂಟ ಹೊಡೀತಾನೆ. ಮೂರರಲ್ಲಿ ಒಂದು ತಪ್ಪಿದ್ರೂ ಗೊತ್ತಾಗಲ್ಲ. ಮೂರನ್ನ ಅಳತೆ ಮಾಡಿ ಹೊಡಿ, ನಾಲ್ಕನೇದನ್ನ ದಾರ ಹೇಳ್ಲಿ ಅನ್ನೋನು. ಎದುರುಬದುರು ಇರೋ ಎರಡು ಗೂಟಕ್ಕೆ ದಾರ ಎಳೆದು ನಡುವೆ ಒಂದು ಗುರುತು. ಮಿಕ್ಕ ಗೂಟದಿಂದ ಆ ಗುರುತಿಗೆ ಎಷ್ಟು ದೂರವೋ, ಅಷ್ಟೇ ದೂರ ಆ ಕಡೆಗೆ ನೇರ ಹೋದ್ರೆ ನಾಲ್ಕನೇ ಮೂಲೆ. ಆಮೇಲೆ ನಾಲ್ಕೂ ಬದಿ ಅಳೀತಾನೆ. ಸಮ ಬರ್ಲಿಲ್ವೋ, ನಾಲ್ಕೂ ಗೂಟ ಕಿತ್ತು ಮೊದಲಿಂದ ಶುರು.”

“ಅಷ್ಟು ಹಟಾನಾ?”

“ನಮ್ಮ ಮನೇಲಿ ಅದೊಂದಕ್ಕೆ ಕೊರತೆ ಇಲ್ಲ ಸಾರ್.”

ಬಾಗಿಲ ಹತ್ತಿರ ನಿಂತಿದ್ದ ಅಣ್ಣನ ಮಗಳು ನಗು ತಡೆದುಕೊಂಡಳು. ಬಸ್ ಕಂಡಕ್ಟರ್ ಅವಳು. ಇವತ್ತು ರಜೆ ಹಾಕಿ ಬಂದಿದ್ದಳು. ಕಾಲ ಬಳಿ ಅವಳಪ್ಪನ ಸಾಮಾನಿನ ಪೆಟ್ಟಿಗೆ. ಕಾರ್ಖಾನೆಯ ಉಗ್ರಾಣದಲ್ಲಿ ನಾಲ್ಕು ವರ್ಷದಿಂದ ಬಿದ್ದಿದ್ದ ಅದನ್ನು, ಅಧಿಕಾರಿಯ ಚೀಟಿ ತೋರಿಸಿ ನಿನ್ನೆ ಮಧ್ಯಾಹ್ನವಷ್ಟೇ ಬಿಡಿಸಿಕೊಂಡಿದ್ದಳು.

ಎಂಜಿನಿಯರ್ ಕುರ್ಚಿಗೆ ಒರಗಿದ. “ಕಥೆ ಚೆನ್ನಾಗಿದೆ. ಆದ್ರೆ ಹದಿನೆಂಟು ಸಲ ಬರೀದೇ ಇದ್ದೋನು ಹತ್ತೊಂಬತ್ತನೇ ಸಲ ಬರೆದಿರಬಹುದಲ್ಲ? ಬರೆದ, ತಪ್ಪು ಬರೆದ, ತಪ್ಪಿನ ಮೇಲೇ ಗೂಟ ಹೊಡೆದ. ಆರಡಿ ಒಳಗೆ. ನಮ್ಮೋರು ಗೂಟ ನೋಡ್ಕೊಂಡು ಕಾಲು ಎಬ್ಬಿಸಿದ್ರು. ಒಬ್ಬ ಮನುಷ್ಯನ ಜೀವ ಹೋಯ್ತು.”

“ಕಾಲು ಆರಡಿ ತಪ್ಪಿ ನಿಂತಿತ್ತು ಅನ್ನೋದಕ್ಕೆ ನನ್ನ ತಕರಾರಿಲ್ಲ,” ಎಂದರು ಮೇಡಂ. “ತಪ್ಪಿಸಿದ್ದು ಗುರುತು ಹಾಕಿದೋನೋ, ಕಟ್ಟಿಸಿದೋನೋ ಅನ್ನೋದೇ ಪ್ರಶ್ನೆ. ಕಟ್ಟಿಸಿದೋರು ನೀವು.”

ನಗುವಿನ ಇಸ್ತ್ರಿ ಸ್ವಲ್ಪ ಕೆಟ್ಟಿತು.

“ಅಭ್ಯಾಸ ಸಾಕ್ಷಿ ಅಲ್ಲ ಮೇಡಂ,” ಎಂದು ಅಧಿಕಾರಿ ನೋಟ್‌ಬುಕ್ ಮುಚ್ಚಿದರು. “ನಾನು ಬರೀಬೇಕಾದ್ರೆ ನೆಲದ ಮೇಲೆ ಏನಾದ್ರೂ ಬೇಕು.”

“ನೆಲದ ಮೇಲೇ ತೋರಿಸ್ತೀನಿ. ಏಳಿ.”

ಅಧಿಕಾರಿಗೆ ಏಳಿ ಎಂದು ಹೇಳಿದವರು ಈಚಿನ ವರ್ಷಗಳಲ್ಲಿ ಯಾರೂ ಇರಲಿಲ್ಲವೋ ಏನೋ, ಅವರು ತಟ್ಟನೆ ಎದ್ದೇಬಿಟ್ಟರು.

ಅಂಗಳದಲ್ಲಿ ಬಿಸಿಲು ಬಿಗಿದು ಕೂತಿತ್ತು. ನಡುಮಧ್ಯೆ ಟ್ಯಾಂಕು ಮಗ್ಗುಲಾಗಿ ಬಿದ್ದು, ಒಡೆದ ಬಾಯಿ ಆಕಾಶಕ್ಕೆ ತೋರಿಸುತ್ತಿತ್ತು. ಅದರ ಸುತ್ತ ಮೂರು ಕಡೆ ಮೊಣಕಾಲೆತ್ತರದ ಕಾಂಕ್ರೀಟಿನ ಬುಡಗಳು. ನಾಲ್ಕನೆಯ ಕಡೆ ನೆಲ ಸಮ ಮಾಡಿ ಜಲ್ಲಿ ಹರಡಿದ್ದರು. ಅಲ್ಲೊಂದು ಬುಡ ಇತ್ತೆಂದು ಹೇಳಿದರೆ ಹೇಳಿದವರೇ ಸುಳ್ಳರಾಗಬೇಕು, ಅಷ್ಟು ಚೊಕ್ಕಟ ಕೆಲಸ.

“ನಾಲ್ಕನೇದು ಏನಾಯ್ತು?” ಅಧಿಕಾರಿ ಕೇಳಿದರು.

“ಕ್ರೇನ್ ಓಡಾಟಕ್ಕೆ ಅಡ್ಡ ಬಂತು ಸಾರ್. ಕಿತ್ತು ಹಾಕಿಸ್ದೆ.”

“ಮೂರು ಅಡ್ಡ ಬರ್ಲಿಲ್ಲ, ಅದೊಂದೇ ಅಡ್ಡ ಬಂತು,” ಎಂದರು ಮೇಡಂ. “ಬುದ್ಧಿವಂತ ಕ್ರೇನು.”

ಅಣ್ಣನ ಮಗಳು ಪೆಟ್ಟಿಗೆಯ ಮುಚ್ಚಳ ತೆರೆದಳು. ಟೇಪು, ದಾರದ ಉಂಡೆ, ಸುತ್ತಿಗೆ, ಗಿಡ್ಡ ಹಾರೆ, ಕಬ್ಬಿಣದ ಸರಳು ತುಂಡರಿಸಿ ಮಾಡಿ, ತುಕ್ಕು ಹಿಡಿಯದಂತೆ ಎಣ್ಣೆ ಬಳಿದಿಟ್ಟ ಗೂಟಗಳು. ಒಂದು ಬದಿಯಲ್ಲಿ ಹಳದಿ ಬಟ್ಟೆಯ ಸುರುಳಿ. ಗೂಟ ಹೊಡೆದ ಮೇಲೆ ಅಗೆಯುವವರ ಕಣ್ಣಿಗೆ ಬೀಳಲೆಂದು ಅದರ ತಲೆಗೆ ಈ ಬಟ್ಟೆಯ ಚೂರು ಕಟ್ಟುವುದು ರೂಢಿ.

ಆ ಹಳದಿ ನೋಡಿ ಮೇಡಂಗೆ ಕಾವಲುಗಾರ ನೆನಪಾದ. ಟ್ಯಾಂಕಿಗೆ ಗುರುತು ಹಾಕಿದ ದಿನ ಅಣ್ಣನಿಗೆ ಬುತ್ತಿ ತಂದುಕೊಟ್ಟವರು ಮೇಡಂ ಅವರೇ. ದಾರದ ಇನ್ನೊಂದು ತುದಿ ಹಿಡಿದು ಅಂಗಳವೆಲ್ಲ ಓಡಾಡಿದವನು ಆ ಕಾವಲುಗಾರ. ಬಲಗೈಯ ಮೂರು ಬೆರಳು ಯಾವುದೋ ಯಂತ್ರಕ್ಕೆ ಕೊಟ್ಟಿದ್ದ. ಬಟ್ಟೆಯನ್ನು ಎಡಗೈಯಲ್ಲಿ ಸುತ್ತಿ, ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಬಿಗಿಯುತ್ತಿದ್ದ. ಗಂಟು ಎಲ್ಲರ ಗಂಟಿಗಿಂತ ಉಲ್ಟಾ ತಿರುಗಿ ಕೂರುತ್ತಿತ್ತು, ಕಚ್ಚಿದ ತುದಿ ನುಣ್ಣಗೆ ಜಗಿದುಹೋಗಿರುತ್ತಿತ್ತು. “ನಾ ಹಾಕಿದ ಗಂಟು ಬಿಚ್ಚೋಕೆ ನಂಗೂ ಆಗಲ್ಲ ಅಕ್ಕಾ” ಎಂದು ನಗುತ್ತಿದ್ದ. ಪಾಪ, ಒಳ್ಳೆಯ ಮನುಷ್ಯ. ಮೇಡಂ ಕಣ್ಣೊರೆಸಿಕೊಂಡು ಟೇಪು ಕೈಗೆತ್ತಿಕೊಂಡರು.

“ದಾರ ಹಿಡಿದೇ ತೋರಿಸಬಹುದಲ್ಲ ಮೇಡಂ?” ಎಂದರು ಅಧಿಕಾರಿ.

“ನಡುವೆ ಟ್ಯಾಂಕು ಮಲಗಿದೆ ಸಾರ್. ದಾರ ನೇರ ಹೋಗಲ್ಲ. ಲೆಕ್ಕ ಮಾತ್ರ ಟ್ಯಾಂಕಿನ ಮೇಲೂ ಹಾದು ಹೋಗುತ್ತೆ.”

ಕಂಪೌಂಡಿನ ಮೂಲೆಗಲ್ಲಿನಿಂದ ಅಳತೆ ಶುರುವಾಯಿತು. ಗೋಡೆಗುಂಟ ಪೂರ್ವಕ್ಕೆ, ಅಲ್ಲಿಂದ ಮೂಲೆಮಟ್ಟ ಇಟ್ಟು ಉತ್ತರಕ್ಕೆ. ಮೊದಲನೆಯ ಬುಡದ ನಡು: ಪೂರ್ವಕ್ಕೆ ನಲವತ್ತು ಅಡಿ, ಉತ್ತರಕ್ಕೆ ಇಪ್ಪತ್ತು. ಎರಡನೆಯದು: ಅರವತ್ನಾಲ್ಕು, ಮೂವತ್ತು. ಮೂರನೆಯದು: ಐವತ್ನಾಲ್ಕು, ಐವತ್ನಾಲ್ಕು. ಪುಟದ ಮೊದಲ ಮೂರು ಸಾಲಿಗೂ ನೆಲಕ್ಕೂ ಒಂದಂಗುಲ ವ್ಯತ್ಯಾಸವಿಲ್ಲ. ನಾಲ್ಕು ವರ್ಷದ ಮೇಲೂ ಅಣ್ಣನ ಕೈ ಅಷ್ಟು ನಿಖರ.

ಲಕೋಟೆಯ ಬೆನ್ನಿನ ಮೇಲೆ ಅವರು ಸಂಖ್ಯೆಗಳನ್ನು ಬರೆದು ಅಧಿಕಾರಿಯ ಕೈಗೆ ಕೊಟ್ಟರು, ಪಾಠ ಹೇಳುವಾಗಿನ ಧ್ವನಿ ತಾನಾಗಿಯೇ ಬಂದುಬಿಟ್ಟಿತು.

“ಮೊದಲು, ಎದುರುಬದುರು ಮೂಲೆ ಯಾವುವು? ಒಂದರಿಂದ ಎರಡಕ್ಕೆ ಇಪ್ಪತ್ತಾರಡಿ. ಎರಡರಿಂದ ಮೂರಕ್ಕೂ ಇಪ್ಪತ್ತಾರು. ಒಂದರಿಂದ ಮೂರಕ್ಕೆ ಹೆಚ್ಚುಕಡಿಮೆ ಮೂವತ್ತೇಳು. ಹೆಚ್ಚು ದೂರ ಇರೋರೇ ಎದುರುಬದುರು. ಅಂದ್ರೆ ಒಂದು, ಮೂರು. ಅವರ ಮಧ್ಯಬಿಂದು ತೆಗೀರಿ. ನಲವತ್ತು, ಐವತ್ನಾಲ್ಕು ಸೇರಿಸಿ ಅರ್ಧ ಮಾಡಿ.”

“ನಲವತ್ತೇಳು,” ಎಂದರು ಅಧಿಕಾರಿ, ವಿಧೇಯ ವಿದ್ಯಾರ್ಥಿಯ ಹಾಗೆ.

“ಇಪ್ಪತ್ತು, ಐವತ್ನಾಲ್ಕು?”

“ಮೂವತ್ತೇಳು.”

“ಶಹಬ್ಬಾಸ್. ಈಗ ಎರಡನೇ ಮೂಲೆ ಅರವತ್ನಾಲ್ಕರಲ್ಲಿ ಇದೆ. ಅಲ್ಲಿಂದ ನಲವತ್ತೇಳಕ್ಕೆ ಬರೋಕೆ ಹದಿನೇಳು ಅಡಿ ಹಿಂದೆ ಬಂದ್ವಿ. ಇನ್ನೂ ಹದಿನೇಳು ಹಿಂದೆ ಬನ್ನಿ, ಮೂವತ್ತು. ಉತ್ತರಕ್ಕೆ ಮೂವತ್ತರಿಂದ ಮೂವತ್ತೇಳು, ಏಳು ಮುಂದೆ. ಇನ್ನೂ ಏಳು, ನಲವತ್ನಾಲ್ಕು. ಮೂವತ್ತು, ನಲವತ್ನಾಲ್ಕು. ಅದೇ ನನ್ನ ಅಣ್ಣ ಬರೆಯದೆ ಬಿಟ್ಟ ಮೂಲೆ. ಪುಟದಲ್ಲಿ ಇರೋದು ಮೂವತ್ತಾರು, ನಲವತ್ನಾಲ್ಕು. ಆರಡಿ.”

“ಎದುರುಬದುರು ಯಾವುದು ಅಂತ ನೋಡ್ದೆ ಕೂಡಿಸಿದ್ರೆ?” ಅಧಿಕಾರಿಗೆ ಲೆಕ್ಕದ ರುಚಿ ಹತ್ತಿತ್ತು.

“ಮೂಲೆ ಬೇರೆಲ್ಲೋ ಹೋಗಿ ಬೀಳುತ್ತೆ. ನೋಡಿ, ನಮ್ಮ ಈ ಮಹಾತಾಯಿ,” ಮೇಡಂ ಅಣ್ಣನ ಮಗಳ ಕಡೆ ಕೈ ತೋರಿಸಿದರು, “ಹತ್ತನೇ ಕ್ಲಾಸು ಮುಗಿಯೋವರೆಗೂ ಅದೇ ತಪ್ಪು ಮಾಡಿದ್ಲು. ಎರಡು, ಮೂರನ್ನ ಎದುರುಬದುರು ಮಾಡಿ ಕೂಡಿಸೋಳು. ಎಷ್ಟು ಬೈದ್ರೂ ಅಷ್ಟೇ.”

ಅಣ್ಣನ ಮಗಳು ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಬಿಸಿಲಿಗಿರಬೇಕು ಎಂದುಕೊಂಡರು ಮೇಡಂ.

“ಸರಿ, ಚೌಕದ ಲೆಕ್ಕ ಒಪ್ಪಿದೆ,” ಎಂದ ಎಂಜಿನಿಯರ್. “ಆದ್ರೆ ಗೂಟ ಇಲ್ಲೇ ಹೊಡೆದ ಅನ್ನೋದಕ್ಕೆ ಏನು ಗ್ಯಾರಂಟಿ?”

“ಕಾಲಿನ ಬುಡ ಹಾಕಬೇಕಾದ್ರೆ ಗೂಟ ಇರೋ ಜಾಗಾನೇ ಅಗೀಬೇಕು. ಮೂರು ಕಡೆ ಅಗೆದಾಗ ಮೂರು ಗೂಟ ಹೋದ್ವು. ನೀವು ನಾಲ್ಕನೇ ಕಾಲನ್ನ ಆರಡಿ ಆ ಕಡೆ ಅಗೆದ್ರಿ. ಹಾಗಾದ್ರೆ ಇಲ್ಲಿನ ಗೂಟಕ್ಕೆ ಯಾರೂ ಕೈ ಹಚ್ಚಿಲ್ಲ. ಜಲ್ಲಿಯ ಕೆಳಗೆ ಅದು ಇನ್ನೂ ಇದ್ರೆ ನನ್ನ ಅಣ್ಣ ಸರಿ. ಇಲ್ದೇ ಇದ್ರೆ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಹೋಗ್ತೀನಿ.”

“ಬರ್ಕೊಳ್ಳಿ ಸಾರ್ ಈ ಮಾತು,” ಎಂದ ಎಂಜಿನಿಯರ್, ಮುಖ ಅರಳಿಸಿ. “ಅಗೀರಿ ಮೇಡಂ. ಸಂತೋಷವಾಗಿ ಅಗೀರಿ.”

ಆ ಸಂತೋಷ ಮೇಡಂಗೆ ಹಿಡಿಸಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕೊಡುವ ಮುಂಚೆಯೇ ನಗುತ್ತಿದ್ದ ಹುಡುಗರನ್ನು ಅವರು ಕಂಡಿದ್ದರು. ಅಂಥವರಿಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು.

ಆದರೂ ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ. ಮೂವತ್ತಡಿಯಲ್ಲಿ ಒಂದು ಗೆರೆ, ನಲವತ್ನಾಲ್ಕರಲ್ಲಿ ಒಂದು ಗೆರೆ. ಎರಡೂ ಕೂಡಿದ ಜಾಗದಲ್ಲಿ ಮೇಡಂ ಚಪ್ಪಲಿಯ ತುದಿಯಿಂದ ಜಲ್ಲಿ ಸರಿಸಿದರು. “ಇಲ್ಲಿ.”

ಅಣ್ಣನ ಮಗಳು ಹಾರೆ ಹಿಡಿದು ನಿಂತೇ ಇದ್ದಳು.

“ಏನೇ, ಕಾಲು ಬೇರು ಬಿಟ್ವಾ? ಅಗಿ.”

“ಅತ್ತೆ, ಇಲ್ಲೇನಾ? ಸರಿಯಾಗಿ ನೋಡಿದ್ರಾ?”

“ನನ್ನ ಲೆಕ್ಕಾನ ನೀನು ತಿದ್ತೀಯಾ? ಅಗಿ ಅಂದೆ.”

ಅವಳು ಅಗೆದಳು. ಜಲ್ಲಿ ಹೋಯಿತು, ಅದರಡಿಯ ಮರಳು ಹೋಯಿತು, ಗಟ್ಟಿ ಮಣ್ಣು ಬಂತು. ಒಂದು ಗೇಣು ಇಳಿಯುವಷ್ಟರಲ್ಲಿ ಹಾರೆ ಠಣ್ ಎಂದಿತು.

“ಸಾಧ್ಯವೇ ಇಲ್ಲ!” ಎಂಜಿನಿಯರ್ ಬಾಯಿಂದ ಮಾತು ಹಾರಿತು. “ಅದನ್ನ...”

“ಅದನ್ನ?” ಎಂದರು ಅಧಿಕಾರಿ.

“ಅದನ್ನ... ನಂಬೋಕೆ ಆಗಲ್ಲ ಅಂದೆ ಸಾರ್.”

ಇಸ್ತ್ರಿ ಪೂರ್ತಿ ಹೋಗಿತ್ತು. ಕುತ್ತಿಗೆಯ ಬೆವರು ಕಾಲರಿನೊಳಕ್ಕೆ ಇಳಿಯುತ್ತಿತ್ತು.

ಅಧಿಕಾರಿ ಬಗ್ಗಿ ನೋಡಿದರು. ಮಣ್ಣಿನಲ್ಲಿ ನೆಟ್ಟಗೆ ನಿಂತ ಕಬ್ಬಿಣದ ಗೂಟದ ತಲೆ, ಅದಕ್ಕೆ ಸುತ್ತಿದ ಹಳದಿ ಬಟ್ಟೆ. ಅವರು ಸೊಂಟ ಹಿಡಿದುಕೊಂಡು ಮೇಲೆದ್ದು ಜೇಬಿನಿಂದ ಪೆನ್ನು ತೆಗೆದರು.

“ಮೇಡಂ, ಇನ್ನೇನು ಬೇಕು? ಗೂಟ ಇದ್ದ ಕಡೆ ಕಾಲು ನಿಂತಿಲ್ಲ. ಮೇಸ್ತ್ರಿ ಗುರುತು ಸರಿಯಾಗೇ ಇತ್ತು. ನನ್ನ ವರದಿ ಬದಲಾಗುತ್ತೆ. ಸಂಜೆ ಒಳಗೆ ಅವರನ್ನ ಬಿಡೋಕೆ ಹೇಳ್ತೀನಿ.”

ಒಂಬತ್ತು ದಿನ ಉಸಿರು ಬಿಗಿಹಿಡಿದಿದ್ದ ಮೇಡಂ ಮೊಣಕಾಲೂರಿ ನೆಲದ ಮೇಲೆ ಕೂತರು. ಅಣ್ಣನ ಗೂಟವನ್ನು ಒಂದು ಸಲ ಕೈಯಾರೆ ಮುಟ್ಟಬೇಕು ಅನ್ನಿಸಿತು. ಬೆರಳಿನಿಂದ ಮಣ್ಣು ಸವರಿದರು.

ಸವರಿದ ಬೆರಳು ಅಲ್ಲೇ ನಿಂತಿತು.

ಗೂಟದ ಕತ್ತರಿಸಿದ ತಲೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಎಳ್ಳಷ್ಟೂ ತುಕ್ಕಿಲ್ಲ. ಬಟ್ಟೆಯ ಹಳದಿ ಈಗ ತಾನೇ ಹರಿದ ಹಾಗಿತ್ತು. ನಾಲ್ಕು ವರ್ಷ ಮಣ್ಣಿನಲ್ಲಿದ್ದ ಕಬ್ಬಿಣವೂ ಅಲ್ಲ, ನಾಲ್ಕು ವರ್ಷ ಮಣ್ಣಿನಲ್ಲಿದ್ದ ಬಟ್ಟೆಯೂ ಅಲ್ಲ. ನಿನ್ನೆ ಮೊನ್ನೆಯದು.

ಮೇಡಂ ತಲೆಯೆತ್ತಿ ಅಣ್ಣನ ಮಗಳನ್ನು ನೋಡಿದರು. ಬಿಳಿಚಿದ ಮುಖ. ನಿನ್ನೆ ಮಧ್ಯಾಹ್ನ ಈ ಅಂಗಳದಲ್ಲಿ ಒಬ್ಬಳೇ. ಕೈಯಲ್ಲಿ ಗೂಟದ ಪೆಟ್ಟಿಗೆ. ಮನೆಯ ಮೇಜಿನ ಮೇಲೆ ಮೇಡಂ ಬರೆದಿಟ್ಟಿದ್ದ ಮೂರು ಮೂಲೆಗಳ ಚೀಟಿ ಅವಳ ಕಣ್ಣಿಗೆ ಬೀಳದೆ ಇದ್ದೀತೇ? ಹುಚ್ಚು ಹುಡುಗಿ. ಅಪ್ಪನ ಮೇಲಿನ ಪ್ರೀತಿಗೆ ಸುಳ್ಳು ಗೂಟ ಹೊಡೆದಿದ್ದಾಳೆ. ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಎದೆಗೆ ನುಗ್ಗಿದವು.

ಯಾರೂ ಗಮನಿಸಿರಲಿಲ್ಲ. ಅಧಿಕಾರಿ ಬರೆಯುತ್ತಿದ್ದರು. ಎಂಜಿನಿಯರ್ ಬೆವರೊರೆಸಿಕೊಳ್ಳುತ್ತಿದ್ದ. ಒಂದು ಹಿಡಿ ಮಣ್ಣು ಗೂಟದ ತಲೆಗೆ ಮೆತ್ತಿದರೆ ಸಾಕು, ಸಂಜೆಗೆ ಅಣ್ಣ ಮನೆಯಲ್ಲಿ. ಮೇಡಂ ಕೈ ನಿಜಕ್ಕೂ ಒಂದು ಹಿಡಿ ಮಣ್ಣೆತ್ತಿತು.

ಆದರೆ ಅಣ್ಣ ಒಂಬತ್ತು ದಿನ ಲಾಕಪ್ಪಿನಲ್ಲಿ ಕೂತದ್ದು ಯಾವುದಕ್ಕೆ? ಮಾಡದ ತಪ್ಪಿಗೆ ಸಹಿ ಹಾಕುವುದಿಲ್ಲ ಅಂತ. ಅವನನ್ನು ಬಿಡಿಸಲು ತಾವು, ಅವನು ಹೊಡೆಯದ ಗೂಟಕ್ಕೆ ಸಾಕ್ಷಿ ಹೇಳಬೇಕೇ? ನಾಲ್ಕನೆಯ ಮೂಲೆ ಇರುವುದೇ ತಪ್ಪು ಹಿಡಿಯಲು ಎಂದವನು ಅವನು.

ಮೇಡಂ ಹಿಡಿಮಣ್ಣನ್ನು ಪಕ್ಕಕ್ಕೆ ಚೆಲ್ಲಿ ಎದ್ದು ನಿಂತರು.

“ಸಾರ್, ಬರೆಯೋದು ನಿಲ್ಲಿಸಿ. ಈ ಗೂಟ ನನ್ನ ಅಣ್ಣಂದಲ್ಲ. ಹೊಸದು.”

ಅಧಿಕಾರಿಯ ಪೆನ್ನು ನಿಂತಿತು. ಎಂಜಿನಿಯರ್ ಒಂದೇ ನೆಗೆತಕ್ಕೆ ಗುಂಡಿಯ ಬಳಿ ಬಂದ. ನೋಡಿದ. ಹೋದ ಜೀವ ಬಂದಂತಾಯಿತು ಅವನಿಗೆ.

“ನೋಡಿದ್ರಾ ಸಾರ್! ಸುಳ್ಳು ಸಾಕ್ಷಿ ಹೂತಿಟ್ಟು ನಮ್ಮ ಕಣ್ಣಿಗೆ ಮಣ್ಣೆರಚೋಕೆ ಬಂದಿದ್ದಾರೆ. ನಿನ್ನೆ ಈ ಹುಡುಗಿ ಒಳಗೆ ಬಂದಿದ್ಲು. ಪೊಲೀಸರನ್ನ ಕರೀರಿ!”

“ಕರೀರಿ. ಬರ್ಲಿ,” ಎಂದರು ಮೇಡಂ. ಧ್ವನಿ ಒಂದು ಚೂರೂ ಏರಲಿಲ್ಲ, ಇಳಿಯಲೂ ಇಲ್ಲ. “ಗೂಟ ಹೊಸದು ಅಂತ ಹೇಳಿದ್ದು ನಾನು, ನೀವಲ್ಲ. ಈಗ ನನ್ನ ಒಂದು ಪ್ರಶ್ನೆಗೆ ಉತ್ತರ ಹೇಳಿ. ಮಣ್ಣಿನ ಅಡಿ ಏನಿದೆ ಅಂತ ಯಾರೂ ನೋಡೋಕೆ ಮುಂಚೆ, ಹಾರೆ ತಾಕಿದ ಸದ್ದಿಗೇ ‘ಸಾಧ್ಯವೇ ಇಲ್ಲ’ ಅಂದ್ರಿ. ಯಾಕೆ ಸಾಧ್ಯವಿಲ್ಲ?”

ಎಂಜಿನಿಯರ್ ಗುಂಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಇಲ್ಲಿ ಗೂಟ ಇಲ್ಲ ಅಂತ ಖಾತ್ರಿಯಾಗಿ ಗೊತ್ತಿರೋದು ಒಬ್ಬರಿಗೇ. ಇದ್ದದ್ದನ್ನ ಕಿತ್ತೋರಿಗೆ. ಸಾರ್, ಗೂಟದ ಸುತ್ತಲ ಮಣ್ಣು ಮುಟ್ಟಿ ನೋಡಿ.”

ಅಧಿಕಾರಿ ಬೆರಳು ಹಾಕಿದರು. ಹೊಳೆಯುವ ಸರಳಿನ ಸುತ್ತ, ಬಳೆ ಹಾಕಿದಂತೆ, ಮಣ್ಣಿಗೆ ಕೆಂಪು ಹಿಡಿದಿತ್ತು. ಬೆರಳ ತುದಿಗೆ ತುಕ್ಕಿನ ಪುಡಿ ಮೆತ್ತಿತು.

“ತುಕ್ಕಿಲ್ಲದ ಗೂಟದ ಸುತ್ತ ತುಕ್ಕು ಎಲ್ಲಿಂದ ಬಂತು? ಹಳೇ ಗೂಟ ವರ್ಷಗಟ್ಟಲೆ ಇದೇ ತೂತಲ್ಲಿತ್ತು. ಯಾರೋ ಕಿತ್ರು. ಅದೇ ತೂತಿಗೆ ಹೊಸದು ಬಂದಿದೆ. ಹೊಸದನ್ನ ಹೊಡೆದೋರ ವಿಚಾರ ನಾನೇ ನೋಡ್ಕೋತೀನಿ. ಹಳೇದು ಎಲ್ಲಿ ಅಂತ ಮೊದಲು ಇವರನ್ನ ಕೇಳಿ.”

“ಆರಡಿ ಸರಿಸಿ ನನಗೇನು ಲಾಭ ಸಾರ್?” ಎಂದ ಎಂಜಿನಿಯರ್.

“ಅದು ನನಗೆ ಇನ್ನೂ ಗೊತ್ತಿಲ್ಲ. ಗೊತ್ತಾಗೋವರೆಗೆ ನಾನು ನಿಮ್ಮ ಬೆನ್ನು ಬಿಡಲ್ಲ,” ಎಂದರು ಮೇಡಂ.

ಅಧಿಕಾರಿ ತುಕ್ಕಿನ ಬೆರಳನ್ನು ಕರವಸ್ತ್ರಕ್ಕೆ ಒರೆಸಿ, ಅದನ್ನು ಮಡಿಚಿ ಜೇಬಿಗಿಟ್ಟರು. ಬೆಳಗಿನಿಂದ ಮೊದಲ ಸಲ ಅವರಿಗೆ ಸೀನು ಬರಲಿಲ್ಲ.

“ಒಂದು ಗಂಟೆಗೆ ವರದಿ ಹೋಗಲ್ಲ,” ಎಂದರು. ಆಮೇಲೆ ಕಂಡಕ್ಟರ್ ಕಡೆ ತಿರುಗಿದರು. “ನೋಡಮ್ಮಾ, ನಿಜ ಹೇಳು. ಗೂಟ ಹೊಡೆದೆಯಾ?”

“ಹೊಡೆದೆ ಸಾರ್.”

ಮೇಡಂ ಕಣ್ಣು ಮುಚ್ಚಿದರು. ಗೊತ್ತಿದ್ದರೂ ಮಾತು ಮುಖಕ್ಕೆ ಹೊಡೆದಂತಾಯಿತು.

“ತಪ್ಪಾಯ್ತು ಅತ್ತೆ. ಹಳೇ ಗೂಟ ಸಿಗದೇ ಹೋದ್ರೆ ಅಪ್ಪನ ಗತಿ ಏನು ಅಂತ ಹೆದರಿಕೆ ಆಯ್ತು. ನಿಮ್ಮ ಚೀಟಿ ನೋಡಿ ಲೆಕ್ಕ ಹಾಕ್ದೆ.” ಅವಳ ತಲೆ ತಗ್ಗಿರಲಿಲ್ಲ. “ಆದ್ರೆ ನಾನು ಹೊಡೆದದ್ದು ಇದಲ್ಲ.”

“ಇದಲ್ಲ ಅಂದ್ರೆ?”

ಅವಳು ಕೈಯೆತ್ತಿ ಅಂಗಳದ ಆ ತುದಿ ತೋರಿಸಿದಳು. ಬಾಯ್ಲರ್ ಶೆಡ್ಡಿನ ಗೋಡೆಯ ಬುಡ. “ಅಲ್ಲಿ. ಪೂರ್ವಕ್ಕೆ ಎಪ್ಪತ್ತೆಂಟು, ಉತ್ತರಕ್ಕೆ ಅರವತ್ನಾಲ್ಕು.”

ಮೇಡಂ ಮನಸ್ಸಿನಲ್ಲೇ ಕೂಡಿಸಿ ಕಳೆದರು. ಎರಡನೆಯ ಮೂಲೆ, ಮೂರನೆಯ ಮೂಲೆ ಕೂಡಿಸಿ ಮೊದಲನೆಯದು ಕಳೆದರೆ ಎಪ್ಪತ್ತೆಂಟು, ಅರವತ್ನಾಲ್ಕು. ಹತ್ತನೆಯ ಕ್ಲಾಸಿನ ಅದೇ ತಪ್ಪು. ಅದಕ್ಕೇ ಹುಡುಗಿ ಆಗ ಬಿಳಿಚಿಕೊಂಡದ್ದು. ಅದಕ್ಕೇ ಇಲ್ಲೇನಾ ಎಂದು ಕೇಳಿದ್ದು.

ಕಂಡಕ್ಟರ್ ಆಗಲೇ ಅತ್ತ ಓಡಿದ್ದಳು. ಕೈಯಿಂದಲೇ ಜಲ್ಲಿ ಕೆದರಿದಳು. ಗೂಟ ಅಲ್ಲಿತ್ತು. ಅದರ ತಲೆಗೆ ಹಳದಿ ಬಟ್ಟೆ. ಟಿಕೆಟ್ ಚೀಲದ ದಾರಕ್ಕೆ ಹಾಕುವಂಥ ಸಾದಾ ಗಂಟು. ಅವಳು ಅದನ್ನು ಕಿತ್ತು ತಂದು ಅಧಿಕಾರಿಯ ಕೈಗೆ ಕೊಟ್ಟಳು.

“ಈ ಒಂದು ಸಲ ನೀನು ದಡ್ಡಿಯಾಗಿದ್ದಕ್ಕೆ ದೇವರಿಗೆ ದೊಡ್ಡ ನಮಸ್ಕಾರ,” ಎಂದರು ಮೇಡಂ. ಅವರ ಕಣ್ಣು ತುಂಬಿತ್ತು.

“ಹಾಗಾದ್ರೆ ಇದು?” ಅಧಿಕಾರಿ ಗುಂಡಿಯ ಕಡೆ ಬೆರಳು ಮಾಡಿದರು. “ನೀವು ಹೊಡೆದಿಲ್ಲ. ಇವಳು ಹೊಡೆದಿಲ್ಲ. ನಿಮ್ಮ ಅಣ್ಣ ಲಾಕಪ್ಪಿನಲ್ಲಿ. ಸರಿಯಾದ ಮೂಲೆ ಇನ್ಯಾರಿಗೆ ಗೊತ್ತಿತ್ತು?”

ಲೆಕ್ಕ ಗೊತ್ತಿರಬೇಕಾಗಿಲ್ಲ, ಎಂದು ಹೊಳೆಯಿತು ಮೇಡಂಗೆ. ಗೂಟ ಹೊಡೆದ ದಿನ ಜೊತೆಗಿದ್ದರೆ ಸಾಕು. ನಾಲ್ಕು ವರ್ಷ ದಿನಾ ಆ ಜಾಗ ನೋಡಿದ್ದರೆ ಸಾಕು. ಅದನ್ನು ಯಾರು ಕಿತ್ತರು ಎಂದು ಕಣ್ಣಾರೆ ಕಂಡಿದ್ದರಂತೂ ಸಾಕೇ ಸಾಕು.

ಅವರು ಮತ್ತೆ ಮೊಣಕಾಲೂರಿದರು. ಬಟ್ಟೆಯ ಮೇಲಿನ ಮಣ್ಣನ್ನು ಈ ಸಲ ಊದಿ ತೆಗೆದರು. ಗಂಟು ಕಾಣಿಸಿತು. ಎಲ್ಲರ ಗಂಟಿಗಿಂತ ಉಲ್ಟಾ ತಿರುಗಿ ಕೂತಿತ್ತು. ಒಂದು ತುದಿ ಉದ್ದ. ಇನ್ನೊಂದು ಗಿಡ್ಡ, ನುಣ್ಣಗೆ ಜಗಿದದ್ದು, ಮೇಲೆ ಹಲ್ಲಿನ ಗುರುತು.

“ಯಾರು ಮೇಡಂ?” ಅಧಿಕಾರಿ ಮತ್ತೆ ಕೇಳಿದರು. “ಯಾರು ಹೊಡೆದ್ರು?”

ಮೇಡಂ ತಲೆಯೆತ್ತಿ ಅಧಿಕಾರಿಯನ್ನಲ್ಲ, ಎಂಜಿನಿಯರನ್ನು ನೋಡಿದರು.

“ಒಂಬತ್ತು ದಿನದ ಹಿಂದೆ ಟ್ಯಾಂಕಿನ ಅಡಿ ಸಿಕ್ಕಿ ಸತ್ತ ಅಂತ ನೀವು ಗುರುತು ಹೇಳಿದ್ರಲ್ಲ,” ಎಂದರು, “ಆ ಕಾವಲುಗಾರ.”